ಮೀಟರ್ 24 ವೋಲ್ಟ್ ತೋರಿಸಿದರೆ ವೈರಿಂಗ್ ಸರಿಯಿದೆ ಎಂದಲ್ಲ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಊರು. 20 ಟನ್ನಿನ ಹಳೆಯ ಎಕ್ಸ್‌ಕವೇಟರ್ ಒಂದನ್ನು ಸಾಲ ಮಾಡಿ ಕೊಂಡು ಎರಡು ವರ್ಷವಾಯಿತು. ಕಾಫಿ ತೋಟಗಳಲ್ಲಿ ಕೆರೆ ತೆಗೆಯುವುದು, ತೋಟದ ರಸ್ತೆ ಮಾಡುವುದು ನನ್ನ ಕೆಲಸ. ಯಂತ್ರ ಬೆಳಿಗ್ಗೆ ಚೆನ್ನಾಗಿ ಓಡುತ್ತದೆ. ಎರಡು ಗಂಟೆ ಕಳೆದ ಮೇಲೆ ಬೂಮ್, ಬಕೆಟ್, ಚೈನ್ ಎಲ್ಲವೂ ನಿಧಾನವಾಗುತ್ತವೆ. ಎಂಜಿನ್ ಮಾತ್ರ ಹೊರೆಯೇ ಇಲ್ಲದಂತೆ ಹಗುರವಾಗಿ ಓಡುತ್ತಿರುತ್ತದೆ. ಜೋರು ಮಳೆಯಾದ ಮಾರನೆಯ ದಿನ ಒಮ್ಮೊಮ್ಮೆ ಲಿವರ್ ಎಳೆದರೂ ಯಾವುದೂ ಅಲುಗುವುದಿಲ್ಲ. ಸೀಟಿನ ಎಡಗಡೆಯ ಲಾಕ್ ಲಿವರನ್ನು ನಾಲ್ಕೈದು ಸಲ ಎತ್ತಿ ಇಳಿಸಿದರೆ ಸರಿಹೋಗುತ್ತದೆ. ಒಬ್ಬ ಮೆಕ್ಯಾನಿಕ್ ಪಂಪ್ ಹೋಗಿದೆ ಎಂದರು. ಇನ್ನೊಬ್ಬರು ಕಂಟ್ರೋಲರ್ ಹೋಗಿದೆ, ಹಳೆಯದೊಂದನ್ನು ಕೊಡಿಸುತ್ತೇನೆ ಎಂದರು. ಆಯಿಲ್, ಫಿಲ್ಟರ್ ಬದಲಿಸಿದ್ದಾಯಿತು. ಊರಿನ ಎಲೆಕ್ಟ್ರಿಷಿಯನ್ ಸೊಲೆನಾಯ್ಡ್‌ನ ಸಾಕೆಟ್ ಕಳಚಿ ಮೀಟರ್ ಇಟ್ಟು ನೋಡಿ, 24 ವೋಲ್ಟ್ ಬರುತ್ತಿದೆ, ವೈರಿಂಗ್‌ನಲ್ಲಿ ದೋಷವಿಲ್ಲ ಎಂದರು. ಡಿಸ್‌ಪ್ಲೇಯಲ್ಲಿ ಎರರ್ ಕೋಡ್ ಕೂಡ ಇಲ್ಲ. ಸದ್ಯಕ್ಕೆ ಬ್ಯಾಟರಿಯಿಂದ ನೇರವಾಗಿ ವೈರ್ ಎಳೆದು ಕೆಲಸ ಸಾಗಿಸಬಹುದೇ? ಪಂಪ್ ಬಿಚ್ಚಿಸಲೇ, ಕಂಟ್ರೋಲರ್ ತರಿಸಲೇ? ಕಂತಿನ ದಿನ ಹತ್ತಿರ ಬರುತ್ತಿದೆ.

ಉತ್ತರ: ಪಂಪ್ ಬಿಚ್ಚಿಸಬೇಡಿ. ಕಂಟ್ರೋಲರ್‌ಗೆ, ಅಂದರೆ ಯಂತ್ರದ ಕಂಪ್ಯೂಟರ್ ಡಬ್ಬಕ್ಕೆ, ಮುಂಗಡವನ್ನೂ ಕೊಡಬೇಡಿ. ನಿಮ್ಮ ಪತ್ರದಲ್ಲಿ ಇಬ್ಬರು ಮೆಕ್ಯಾನಿಕ್‌ಗಳ ಅಭಿಪ್ರಾಯವಿದೆ, ಆದರೆ ಅಳತೆ ಇರುವುದು ಒಂದೇ ಒಂದು. ಅದೂ ತಪ್ಪು ರೀತಿಯಲ್ಲಿ ತೆಗೆದ ಅಳತೆ. ಹಾಸನದಲ್ಲಿ ಕುಳಿತು ಇಪ್ಪತ್ತು ವರ್ಷಗಳಿಂದ ಹಾಸನ, ಚಿಕ್ಕಮಗಳೂರು ಈ ಎರಡೂ ಜಿಲ್ಲೆಗಳ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದೇನೆ. ಒಳ್ಳೆಯ ಪಂಪನ್ನು ಬಿಚ್ಚಿ, ಕೆಸರಿನ ನಡುವೆ ತೆರೆದು, ಮತ್ತೆ ಜೋಡಿಸಿ, ಹಳೆಯ ದೋಷವನ್ನು ಹಾಗೆಯೇ ಇಟ್ಟುಕೊಂಡು ಅಳುಮುಖದಿಂದ ಬಂದ ಮಾಲೀಕರನ್ನು ಸಾಕಷ್ಟು ಕಂಡಿದ್ದೇನೆ. ನೀವು ಆ ಸಾಲಿಗೆ ಸೇರುವುದು ಬೇಡ.

ನಿಮ್ಮ ದೂರಿನಲ್ಲಿ ಎರಡು ಲಕ್ಷಣಗಳಿವೆ: ಬಿಸಿಯಾದ ಮೇಲೆ ಎಲ್ಲ ಚಲನೆಗಳೂ ಒಟ್ಟಿಗೆ ನಿಧಾನವಾಗುವುದು ಮತ್ತು ಮಳೆಯ ಮಾರನೆಯ ದಿನ ಎಲ್ಲವೂ ಒಟ್ಟಿಗೆ ನಿಲ್ಲುವುದು. ಎರಡರಲ್ಲೂ ‘ಎಲ್ಲವೂ ಒಟ್ಟಿಗೆ’ ಎಂಬುದನ್ನು ಗಮನಿಸಿ. ಬಕೆಟ್ ಒಂದೇ ನಿಧಾನವಾಗಿದ್ದರೆ ನಾನು ಆ ಸಿಲಿಂಡರ್‌ನ ಸೀಲ್ ನೋಡುತ್ತಿದ್ದೆ, ಕಂಟ್ರೋಲ್ ವಾಲ್ವ್‌ನಲ್ಲಿರುವ ಅದರ ಸ್ಪೂಲ್, ಅಂದರೆ ಸರಿದು ಆಯಿಲ್ ದಾರಿ ತೆರೆಯುವ ಕಡ್ಡಿಯನ್ನು, ನೋಡುತ್ತಿದ್ದೆ. ಬೂಮ್, ಬಕೆಟ್, ಚೈನ್ ಮೂರೂ ಸೇರಿ ಸೋತರೆ ಮೂರಕ್ಕೂ ಸಮಾನವಾದದ್ದು ಯಾವುದು ಎಂದು ಕೇಳಬೇಕು. ಅಂಥವು ಹೆಚ್ಚೇನಿಲ್ಲ: ಮುಖ್ಯ ಪಂಪ್, ಅದನ್ನು ನಿಯಂತ್ರಿಸುವ ಸೊಲೆನಾಯ್ಡ್ (ವಿದ್ಯುತ್ ಕೊಟ್ಟಾಗ ವಾಲ್ವ್ ಸರಿಸುವ ಕಾಯಿಲ್), ಪೈಲಟ್ ಪ್ರೆಷರ್ ಮತ್ತು ಆ ಪೈಲಟ್ ಪ್ರೆಷರನ್ನು ತೆರೆದು ಮುಚ್ಚುವ ಲಾಕ್ ಸೊಲೆನಾಯ್ಡ್.

ಪೈಲಟ್ ಪ್ರೆಷರ್ ಬಗ್ಗೆ ನಮ್ಮ ಕಡೆ ಮಾತನಾಡುವವರು ಕಡಿಮೆ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ನಿಮ್ಮ ಕೈಯಲ್ಲಿರುವ ಲಿವರ್ ನೇರವಾಗಿ ಬೂಮನ್ನು ಎತ್ತುವುದಿಲ್ಲ. 20 ಟನ್ನಿನ ಯಂತ್ರದಲ್ಲಿ ಮುಖ್ಯ ಪಂಪ್ ಸುಮಾರು 340–350 ಬಾರ್‌ವರೆಗೆ ಒತ್ತಡ ಕೊಡುತ್ತದೆ. ಅಷ್ಟು ಒತ್ತಡವನ್ನು ಕ್ಯಾಬಿನ್ನಿನೊಳಗೆ ತರಲಾಗದು. ಅದಕ್ಕಾಗಿ ಬೇರೆಯದೇ ಒಂದು ಸಣ್ಣ ಗೇರ್ ಪಂಪ್ 30–40 ಬಾರ್ ಒತ್ತಡದ ಆಯಿಲನ್ನು ಲಿವರ್‌ಗೆ ಕಳುಹಿಸುತ್ತದೆ. ಲಿವರ್ ಎಳೆದಾಗ ಈ ಪೈಲಟ್ ಆಯಿಲ್ ಹೋಗಿ ಮುಖ್ಯ ವಾಲ್ವ್‌ನ ಸ್ಪೂಲನ್ನು ತಳ್ಳುತ್ತದೆ. ಆಗ ದೊಡ್ಡ ಆಯಿಲ್ ಹರಿದು ಬೂಮ್ ಏಳುತ್ತದೆ. ಲಾಕ್ ಲಿವರ್ ಎತ್ತಿದರೆ ಅದರ ಕೆಳಗಿನ ಪುಟ್ಟ ಸ್ವಿಚ್ ಲಾಕ್ ಸೊಲೆನಾಯ್ಡ್‌ನ ವಿದ್ಯುತ್ತನ್ನು ಕಡಿಯುತ್ತದೆ, ಪೈಲಟ್ ಆಯಿಲ್ ನಿಲ್ಲುತ್ತದೆ, ಯಂತ್ರ ಅಲುಗುವುದಿಲ್ಲ. ಇಳಿಸಿದರೆ ವಿದ್ಯುತ್ ಬರುತ್ತದೆ, ದಾರಿ ತೆರೆಯುತ್ತದೆ.

ಈಗ ಆ ಸೊಲೆನಾಯ್ಡ್‌ಗೆ ವಿದ್ಯುತ್ ಅರೆಬರೆ ಸಿಕ್ಕರೆ ಏನಾಗುತ್ತದೆ ನೋಡಿ. ಅದರ ಸ್ಪೂಲ್ ಪೂರ್ತಿ ಸರಿಯದೆ ನಡುವೆಯೇ ನಿಲ್ಲಬಹುದು. ಪೈಲಟ್ ಪ್ರೆಷರ್ ಅರ್ಧಕ್ಕೆ ಇಳಿಯುತ್ತದೆ. ಮುಖ್ಯ ವಾಲ್ವ್‌ನ ಸ್ಪೂಲ್‌ಗಳು ಪೂರ್ತಿ ತೆರೆಯುವುದಿಲ್ಲ. ಎಲ್ಲ ಚಲನೆಗಳೂ ಒಟ್ಟಿಗೆ ಸೊರಗುತ್ತವೆ. ಪಂಪ್‌ಗೆ ಕೆಲಸವೇ ಇಲ್ಲದ ಕಾರಣ ಎಂಜಿನ್ ಹಗುರವಾಗಿ ಓಡುತ್ತದೆ. ನಿಮ್ಮ ಎರಡೂ ಲಕ್ಷಣಗಳಿಗೆ ಇದೊಂದೇ ಕಾರಣ ಸಾಕಾಗುತ್ತದೆ. ಇದೇ ಖಚಿತ ಎಂದು ಯಂತ್ರ ನೋಡದೆ ಹೇಳಲಾರೆ. ಮೊದಲು ನೋಡಬೇಕಾದ ಜಾಗ ಇದು ಎಂದು ಮಾತ್ರ ಧೈರ್ಯವಾಗಿ ಹೇಳುತ್ತೇನೆ. ಲಾಕ್ ಲಿವರನ್ನು ಎತ್ತಿ ಇಳಿಸಿದರೆ ಸರಿಹೋಗುತ್ತದೆ ಎಂದಿದ್ದೀರಲ್ಲ, ದೊಡ್ಡ ಸುಳಿವು ಅದೇ. ಸವೆದ ಪಂಪ್ ಲಾಕ್ ಲಿವರ್ ಆಡಿಸಿದರೆ ಸರಿಹೋಗುವುದಿಲ್ಲ.

ಹಾಗಾದರೆ ಎಲೆಕ್ಟ್ರಿಷಿಯನ್ ನೋಡಿದಾಗ 24 ವೋಲ್ಟ್ ಹೇಗೆ ಬಂತು? ನಿಮ್ಮ ತೋಟದ ಸ್ಪ್ರಿಂಕ್ಲರ್ ಲೈನನ್ನೇ ನೆನಪಿಸಿಕೊಳ್ಳಿ. ಪೈಪಿನೊಳಗೆ ಕಸ ಕಟ್ಟಿಕೊಂಡಿದ್ದರೂ ತುದಿಯ ವಾಲ್ವ್ ಮುಚ್ಚಿದ್ದಾಗ ಗೇಜ್ ಪೂರಾ ಒತ್ತಡ ತೋರಿಸುತ್ತದೆ. ಜೆಟ್ ತೆರೆದರೆ ಮಾತ್ರ ನೀರು ನಾಲ್ಕು ಅಡಿ ಆಚೆ ಹಾರುವುದಿಲ್ಲ. ಸಾಕೆಟ್ ಕಳಚಿ ಮೀಟರ್ ಇಡುವುದೆಂದರೆ ವಾಲ್ವ್ ಮುಚ್ಚಿ ಗೇಜ್ ನೋಡಿದಂತೆ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ವೈರ್‌ನ ಎಳೆಗಳೆಲ್ಲ ಕೊಳೆತು ಒಂದೇ ಎಳೆ ಉಳಿದಿದ್ದರೂ ಅದು 24 ಎಂದೇ ತೋರಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ಕಾಯಿಲ್‌ನ ರೆಸಿಸ್ಟೆನ್ಸ್ 40 ಓಮ್ ಎಂದುಕೊಳ್ಳಿ. ವೈರ್ ಸರಿಯಿದ್ದರೆ 24 ವೋಲ್ಟ್‌ಗೆ 0.6 ಆಂಪಿಯರ್ ಹರಿಯುತ್ತದೆ. ಕಿಲುಬು ಹಿಡಿದ ಜಾಯಿಂಟ್ ಒಂದು ನಡುವೆ 20 ಓಮ್ ಸೇರಿಸಿದರೆ ಕರೆಂಟ್ 0.4ಕ್ಕೆ ಇಳಿಯುತ್ತದೆ. ಯಂತ್ರ ತಣ್ಣಗಿರುವಾಗ ಅಷ್ಟರಲ್ಲಿ ಹೇಗೋ ಸ್ಪೂಲ್ ಸರಿಯುತ್ತದೆ. ಎರಡು ಗಂಟೆ ದುಡಿದ ಮೇಲೆ ಆಯಿಲ್ 80 ಡಿಗ್ರಿಗೆ ಏರುತ್ತದೆ, ಕಾಯಿಲ್ ಕೂಡ ಕಾಯುತ್ತದೆ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. 60 ಡಿಗ್ರಿ ಹೆಚ್ಚಿದರೆ ಹತ್ತಿರ ಹತ್ತಿರ ಕಾಲು ಭಾಗ ಏರಿದಂತಾಯಿತು. 40 ಓಮ್ ಇದ್ದದ್ದು 49 ಆಗುತ್ತದೆ. ವೈರ್ ಒಳ್ಳೆಯದಿದ್ದರೆ ಆಗಲೂ ಅರ್ಧ ಆಂಪಿಯರ್ ಹರಿಯುತ್ತದೆ, ತಯಾರಿಸಿದವರು ಅಷ್ಟಕ್ಕೆ ಅವಕಾಶ ಇಟ್ಟಿರುತ್ತಾರೆ. ಕೊಳೆತ ವೈರ್ ಜೊತೆ ಸೇರಿದರೆ 0.35 ಆಂಪಿಯರ್ ಮಾತ್ರ. ಬೆಳಿಗ್ಗೆ ಸರಿಯಿದ್ದದ್ದು ಹನ್ನೊಂದು ಗಂಟೆಗೆ ಸೋಲುವುದು ಹೀಗೆ.

ಕೊಟ್ಟಿಗೆಹಾರದ ಆಚೆ ಒಂದು ತೋಟದಲ್ಲಿ ನಡೆದದ್ದನ್ನು ಹೇಳುತ್ತೇನೆ. ದೂರು ಹೆಚ್ಚುಕಡಿಮೆ ನಿಮ್ಮದೇ. ಸೊಲೆನಾಯ್ಡ್‌ನ ಸಾಕೆಟ್‌ನಲ್ಲಿ ಮೀಟರ್ 24.6 ತೋರಿಸುತ್ತಿತ್ತು. ಲಾರಿಯ ಇಂಡಿಕೇಟರ್‌ಗೆ ಹಾಕುವ 24 ವೋಲ್ಟ್, 21 ವ್ಯಾಟ್ ಬಲ್ಬ್ ಒಂದು ಸದಾ ನನ್ನ ಚೀಲದಲ್ಲಿರುತ್ತದೆ. ಅದನ್ನು ಅದೇ ಎರಡು ಪಿನ್‌ಗಳಿಗೆ ಜೋಡಿಸಿದೆ. ಬೆಳಗಬೇಕಾದ ಬಲ್ಬ್ ಬೀಡಿಯ ತುದಿಯಂತೆ ಕೆಂಪಗೆ ಮಿಣುಕಿತು. ಕ್ಯಾಬಿನ್ನಿನ ಹಿಂಬದಿಯಿಂದ ಪಂಪ್ ಕಡೆಗೆ ಹೋಗುವ ವೈರ್ ಕಟ್ಟನ್ನು ಬೆರಳಿನಿಂದ ಸವರುತ್ತ ಹೋದೆ. ತಗಡಿನ ತೂತಿನ ಮೂಲಕ ಹಾಯುವಲ್ಲಿ ರಬ್ಬರ್ ಬುಷ್ ಇರಲಿಲ್ಲ. ಅಲ್ಲಿ ಒಂದು ವೈರ್ ಮೆತ್ತಗೆ ಉಬ್ಬಿದಂತೆ ಕೈಗೆ ಹತ್ತಿತು. ಹೊರಗಿನ ಪ್ಲಾಸ್ಟಿಕ್‌ನಲ್ಲಿ ಸೂಜಿ ಚುಚ್ಚಿದಷ್ಟೇ ಗಾಯ. ಸೀಳಿ ನೋಡಿದರೆ ಒಳಗೆ ತಾಮ್ರವೇ ಇಲ್ಲ, ಹಸಿರು ಪುಡಿ. ಎಣಿಸಿದರೆ ಮೂರು ಎಳೆ ಉಳಿದಿದ್ದವು, ಅವೂ ಕಪ್ಪಾಗಿದ್ದವು. ಅಂಗೈ ಉದ್ದದ ಹೊಸ ವೈರ್ ಹಾಕಿದ ಮೇಲೆ ಆ ಯಂತ್ರ ಮೊದಲಿನಂತೆ ದುಡಿಯಿತು. ಅದರ ಪಂಪನ್ನು ಇಳಿಸಲು ಮಾಲೀಕರು ಕ್ರೇನ್‌ಗೆ ಹೇಳಿ ಆಗಿತ್ತು.

ಆ ಸೂಜಿಯ ಗಾಯ ಎಲ್ಲಿಂದ ಬಂತು ಎಂಬುದು ಮುಖ್ಯ. ಹಿಂದೊಮ್ಮೆ ಯಾರೋ ಟೆಸ್ಟ್ ಲ್ಯಾಂಪಿನ ಮೊನೆಯಿಂದ ವೈರನ್ನು ಚುಚ್ಚಿ ಪರೀಕ್ಷಿಸಿದ್ದರು. ಬಯಲುಸೀಮೆಯಲ್ಲಿ ಹಾಗೆ ಮಾಡಿದರೂ ವರ್ಷಗಟ್ಟಲೆ ಏನೂ ಆಗದಿರಬಹುದು. ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ ಯಂತ್ರಗಳಲ್ಲಿ ನಾನು ಕಾಣುವುದು ದೂಳು, ಕಾವು, ಅಲುಗಾಟಕ್ಕೆ ಸಡಿಲವಾದ ಪಿನ್‌ಗಳು. ಮಲೆನಾಡಿನಲ್ಲಿ ಮಾತ್ರ ಅಂಥ ತೂತಿನಿಂದ ನೀರು ಒಳಹೊಕ್ಕು ಎಳೆಗಳ ನಡುವೆ ಹಬ್ಬುತ್ತದೆ, ಒಂದೇ ಮಳೆಗಾಲದಲ್ಲಿ ತಾಮ್ರವನ್ನು ತಿಂದುಬಿಡುತ್ತದೆ. ದಯವಿಟ್ಟು ವೈರ್ ಚುಚ್ಚಬೇಡಿ, ಚುಚ್ಚಲು ಬಿಡಬೇಡಿ. ಸಾಕೆಟ್‌ನ ಹಿಂಬದಿಯಿಂದ, ಸೀಲ್‌ನ ಪಕ್ಕದಲ್ಲಿ ತೆಳುವಾದ ಪಿನ್ ತೂರಿಸಿ ಅಳೆಯಬಹುದು. ಮಳೆಗಾಲದಲ್ಲಿ ಯಂತ್ರ ಎರಡು ತಿಂಗಳು ನಿಂತರೆ ಇಲಿಗಳ ಕಾಟ ಬೇರೆ. ಸೀಟಿನ ಕೆಳಗೆ, ಎಂಜಿನ್ ಮೇಲೆ ಒಣಹುಲ್ಲು ಸಿಕ್ಕಿದರೆ ಅಲ್ಲಿನ ವೈರ್‌ಗಳನ್ನು ಒಂದೊಂದಾಗಿ ಬಿಡಿಸಿ ನೋಡದೆ ಕೀ ತಿರುಗಿಸಬೇಡಿ.

ಈಗ ನೀವು ಮಾಡಬೇಕಾದ ಕೆಲಸ. ಬಕೆಟ್ ನೆಲಕ್ಕೆ ಊರಿ. ಸುತ್ತ ಯಾರೂ ಇರದಂತೆ ನೋಡಿಕೊಳ್ಳಿ. ಎಂಜಿನ್ ಆರಿಸಿರುವಾಗ ಎರಡು ಬ್ಯಾಟರಿಗಳೂ ಸೇರಿ 25 ವೋಲ್ಟ್ ಆಸುಪಾಸು ಇರಬೇಕು, ಎಂಜಿನ್ ಓಡುವಾಗ 27.5ರಿಂದ 28.5 ಇರಬೇಕು. ಇದು ಸರಿಯಿಲ್ಲದಿದ್ದರೆ ಮುಂದಿನದೆಲ್ಲ ವ್ಯರ್ಥ, ಮೊದಲು ಅದನ್ನು ಸರಿಮಾಡಿಸಿ. ಆಮೇಲೆ ಸೊಲೆನಾಯ್ಡ್‌ನ ಸಾಕೆಟ್ ಜೋಡಿಸಿಯೇ ಇರಲಿ, ಲಾಕ್ ಲಿವರ್ ಇಳಿಸಿ, ಅಂದರೆ ಸೊಲೆನಾಯ್ಡ್ ಕೆಲಸ ಮಾಡುತ್ತಿರುವ ಸ್ಥಿತಿಯಲ್ಲಿ, ಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ಗೂ ಇನ್ನೊಂದನ್ನು ಸೊಲೆನಾಯ್ಡ್‌ನ ಪಾಸಿಟಿವ್ ಪಿನ್‌ಗೂ ಇಡಿ. ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟ್. ಅರ್ಧ ವೋಲ್ಟ್‌ವರೆಗೆ ನಾನು ಒಪ್ಪುತ್ತೇನೆ. ಒಂದನ್ನು ದಾಟಿದರೆ ಆ ದಾರಿಯಲ್ಲಿ ದೋಷವಿದೆ. ಹಾಗೆಯೇ ನೆಗೆಟಿವ್ ಪಿನ್‌ನಿಂದ ಬ್ಯಾಟರಿಯ ನೆಗೆಟಿವ್‌ಗೆ ಅಳೆಯಿರಿ, ಅಲ್ಲಿ 0.2 ವೋಲ್ಟ್ ದಾಟಬಾರದು. ಅರ್ತ್ ಕಡೆಯನ್ನು ಬಹಳ ಮಂದಿ ಮರೆಯುತ್ತಾರೆ. ಚಾಸಿಗೆ ಅರ್ತ್ ಕೇಬಲ್ ಬಿಗಿಯುವ ಬೋಲ್ಟ್‌ನ ಕೆಳಗೆ ಪೇಂಟ್, ತುಕ್ಕು, ಗ್ರೀಸ್ ಸೇರಿಕೊಂಡು ಇದೇ ಕಾಯಿಲೆ ತರುತ್ತವೆ. ಕೆಲವು ಯಂತ್ರಗಳಲ್ಲಿ ಪಾಸಿಟಿವ್ ಸದಾ ಬರುತ್ತಿದ್ದು, ಸ್ವಿಚ್ ನೆಗೆಟಿವ್ ಕಡೆಯನ್ನು ಕಡಿಯುತ್ತದೆ. ಆದ್ದರಿಂದ ನಿಮ್ಮ ಮಾಡೆಲ್‌ನ ಸರ್ಕ್ಯೂಟ್ ನಕ್ಷೆ ಪಕ್ಕದಲ್ಲಿರಲಿ.

ಮೀಟರ್ ಇಟ್ಟಿರುವಾಗಲೇ ಇನ್ನೊಬ್ಬರು ಲಾಕ್ ಲಿವರನ್ನು ಮೆಲ್ಲಗೆ ಅಲುಗಾಡಿಸಲಿ, ವೈರ್ ಕಟ್ಟನ್ನು ಅಲ್ಲಲ್ಲಿ ಹಿಡಿದು ಬಾಗಿಸಲಿ. ಅಂಕಿ ಕುಣಿದ ಜಾಗದಲ್ಲಿ ಕೈ ನಿಲ್ಲಿಸಿ. ಆಪರೇಟರ್ ಹತ್ತಿ ಇಳಿಯುವಾಗಲೆಲ್ಲ ಆ ಲಿವರ್ ಎತ್ತಿ ಇಳಿಸಬೇಕು. ಸಾವಿರಾರು ಸಲ ದುಡಿದ ಅದರ ಕೆಳಗಿನ ಪುಟ್ಟ ಸ್ವಿಚ್ ಸವೆದಿರುವುದೇ ನಿಮ್ಮ ವಿಷಯದಲ್ಲಿ ಹೆಚ್ಚು ಸಂಭವ. ಒದ್ದೆ ಬೂಟಿನ ನೀರು ಬೀಳುವುದೂ ಅಲ್ಲಿಯೇ.

ಇದೆಲ್ಲ ಸರಿಯಿದ್ದರೆ ಪೈಲಟ್ ಲೈನಿಗೆ 60 ಅಥವಾ 100 ಬಾರ್‌ನ ಗೇಜ್ ಹಾಕಿಸಿ. ತಣ್ಣಗಿರುವಾಗ ಒಮ್ಮೆ, ಯಂತ್ರ ಸೋತಾಗ ಒಮ್ಮೆ ನೋಡಬೇಕು. ಸೋತಾಗ ಒತ್ತಡ ಇಳಿದಿದ್ದರೆ ಲಾಕ್ ಸೊಲೆನಾಯ್ಡ್‌ಗೆ ಮೊದಲು ಎಷ್ಟಿದೆ, ನಂತರ ಎಷ್ಟಿದೆ ಎಂದು ಎರಡೂ ಕಡೆ ಅಳೆಯಬೇಕು. ಮೊದಲೇ ಕಡಿಮೆಯಿದ್ದರೆ ಪೈಲಟ್ ಗೇರ್ ಪಂಪ್ ಅಥವಾ ಅದರ ರಿಲೀಫ್ ವಾಲ್ವ್ ದೋಷ. ಮೊದಲು ಸರಿಯಿದ್ದು ನಂತರ ಕಡಿಮೆಯಾದರೆ ಸೊಲೆನಾಯ್ಡ್ ಪೂರ್ತಿ ತೆರೆಯುತ್ತಿಲ್ಲ. ಗೇಜ್ ಹಾಕುವ ಮುನ್ನ ಎಂಜಿನ್ ಆರಿಸಿ, ಲಿವರ್‌ಗಳನ್ನು ಎಲ್ಲ ದಿಕ್ಕಿಗೂ ಆಡಿಸಿ ಉಳಿದ ಒತ್ತಡವನ್ನು ಬಿಡಬೇಕು. ಲೀಕ್ ಹುಡುಕಲು ಹೋಸ್ ಮೇಲೆ ಎಂದೂ ಕೈ ಸವರಬೇಡಿ. ಸೂಜಿ ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಹೋಗುತ್ತದೆ. ನೋಡಲು ಗಾಯ ಸಣ್ಣದಿದ್ದರೂ ತಕ್ಷಣ ಆಸ್ಪತ್ರೆಗೆ ಓಡಬೇಕು, ತಡಮಾಡಿದರೆ ಬೆರಳು ಉಳಿಯುವುದು ಕಷ್ಟ.

ಪೈಲಟ್ ಪ್ರೆಷರ್ ಬಿಸಿಯಲ್ಲೂ ಸರಿಯಾಗಿದ್ದು ಯಂತ್ರ ನಿಧಾನವಾದರೆ ಆಗ ಮುಖ್ಯ ಪಂಪ್‌ನ ಕಡೆ ಬರೋಣ. ಅಲ್ಲಿಯೂ ಎರಡು ದಾರಿಗಳಿವೆ. ಪಂಪ್ ಸವೆದಿರಬಹುದು, ಅಥವಾ ಪಂಪ್‌ಗೆ ‘ಕಡಿಮೆ ಕೊಡು’ ಎಂಬ ವಿದ್ಯುತ್ ಆಜ್ಞೆ ಹೋಗುತ್ತಿರಬಹುದು. ಅನೇಕ ಯಂತ್ರಗಳಲ್ಲಿ ಕಂಟ್ರೋಲರ್ ಕೈಕೊಟ್ಟಾಗ ಕೆಲಸ ಸಾಗಿಸಲು ತುರ್ತು ಪಂಪ್ ಸ್ವಿಚ್ ಒಂದನ್ನು ಕಂಪನಿಯವರೇ ಕೊಟ್ಟಿರುತ್ತಾರೆ. ನಿಮ್ಮ ಯಂತ್ರದಲ್ಲಿ ಅದಿದ್ದರೆ, ಯಂತ್ರ ಸೋತ ಹೊತ್ತಿನಲ್ಲೇ ಹಾಕಿ ನೋಡಿ. ಆಗ ಚುರುಕಾದರೆ ಪಂಪ್ ಆರೋಗ್ಯವಾಗಿದೆ, ದೋಷ ವಿದ್ಯುತ್ ಕಡೆಯದು. ಆಗಲೂ ಸೊರಗಿಯೇ ಇದ್ದರೆ ಪಂಪ್‌ನ ಕೇಸ್ ಡ್ರೈನ್‌ನಿಂದ (ಒಳಗೇ ಸೋರಿದ ಆಯಿಲ್ ಹೊರಬರುವ ಪೈಪ್) ಎಷ್ಟು ಆಯಿಲ್ ವಾಪಸ್ ಬರುತ್ತಿದೆ ಎಂದು ಅಳೆಸಿ, ಫಿಲ್ಟರ್ ಕತ್ತರಿಸಿ ಲೋಹದ ಚೂರು ಇದೆಯೇ ನೋಡಿ. ಪಂಪ್ ಬಿಚ್ಚುವ ಮಾತು ಅಲ್ಲಿಂದಾಚೆ. ನಿಮ್ಮ ಮೊದಲ ಮೆಕ್ಯಾನಿಕ್ ಹೇಳಿದ್ದು ಅಸಾಧ್ಯವೇನಲ್ಲ. ಸವೆದ ಪಂಪ್ ಕೂಡ ಆಯಿಲ್ ಕಾದು ತೆಳುವಾದಾಗಲೇ ಸೋಲುತ್ತದೆ. ಆದರೆ ಅದನ್ನು ಗೇಜ್ ಇಟ್ಟು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಎರರ್ ಕೋಡ್ ಇಲ್ಲ ಎಂಬುದರಿಂದ ಸಮಾಧಾನಪಡಬೇಡಿ. ವೈರ್ ಪೂರ್ತಿ ತುಂಡಾದರೆ, ಶಾರ್ಟ್ ಆದರೆ ಕಂಟ್ರೋಲರ್ ಹಿಡಿಯುತ್ತದೆ. ಅರ್ಧ ಕೊಳೆತದ್ದು ಅದರ ಕಣ್ಣಿಗೆ ಬೀಳದಿರಬಹುದು. ಎಷ್ಟೋ ಯಂತ್ರಗಳಲ್ಲಿ ಲಾಕ್ ಸೊಲೆನಾಯ್ಡ್‌ನ ವಿದ್ಯುತ್ ಫ್ಯೂಸ್, ಸ್ವಿಚ್, ರಿಲೇ ಮೂಲಕವೇ ಹೋಗುತ್ತದೆ, ಕಂಟ್ರೋಲರ್‌ಗೆ ಅದರ ಸುದ್ದಿಯೇ ಇರುವುದಿಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ. ಒಮ್ಮೆಗೇ ಏಳೆಂಟು ಕೋಡ್ ಬಂದರೆ ಕಂಟ್ರೋಲರ್ ಸುಟ್ಟಿದೆ ಎಂದು ತೀರ್ಮಾನಿಸುತ್ತಾರೆ. ಪ್ರೆಷರ್ ಸೆನ್ಸರ್‌ಗಳಿಗೆ ಹೋಗುವ 5 ವೋಲ್ಟ್ ಸಾಮಾನ್ಯವಾಗಿ ಹಲವು ಸೆನ್ಸರ್‌ಗಳಿಗೆ ಒಟ್ಟಿಗೆ ಹಂಚಿರುತ್ತದೆ. ಒಂದು ಸೆನ್ಸರ್ ಒಳಗೇ ಶಾರ್ಟ್ ಆದರೆ ಎಲ್ಲವೂ ಸತ್ತಂತೆ ಕಾಣುತ್ತವೆ. ಒಂದೊಂದನ್ನೇ ಕಳಚುತ್ತ ಬನ್ನಿ, ಯಾವುದನ್ನು ತೆಗೆದಾಗ 5 ವೋಲ್ಟ್ ಮರಳಿ ಬರುತ್ತದೆಯೋ ಅದೇ ಕಳ್ಳ. ಕ್ಯಾನ್ ಲೈನ್, ಅಂದರೆ ಕಂಟ್ರೋಲರ್‌ಗಳು ಪರಸ್ಪರ ಸುದ್ದಿ ಹಂಚಿಕೊಳ್ಳುವ ಜೋಡಿ ವೈರ್, ಇರುವ ಯಂತ್ರದಲ್ಲಿ ಬ್ಯಾಟರಿ ಕಳಚಿ ಅದರ ಎರಡು ವೈರ್‌ಗಳ ನಡುವೆ 60 ಓಮ್ ಇದೆಯೇ ನೋಡಬೇಕು. 120 ಬಂದರೆ ತುದಿಯ ಎರಡು ರೆಸಿಸ್ಟರ್‌ಗಳಲ್ಲಿ ಒಂದು ಸಂಪರ್ಕ ತಪ್ಪಿದೆ.

ಹಳೆಯ ಕಂಟ್ರೋಲರ್ ಕೊಳ್ಳುವ ಬಗ್ಗೆ ಹೇಳುವುದಾದರೆ, ಹೊರಗಿನ ಡಬ್ಬ ಒಂದೇ ಥರ ಕಂಡರೂ ಪಾರ್ಟ್ ನಂಬರ್ ಮತ್ತು ಒಳಗಿನ ಸಾಫ್ಟ್‌ವೇರ್ ನಿಮ್ಮ ಮಾಡೆಲ್‌ಗೆ ಹೊಂದದಿದ್ದರೆ ಹೊಸ ತೊಂದರೆ ಶುರುವಾಗುತ್ತದೆ. ವೈರಿಂಗ್‌ನಲ್ಲಿ ಶಾರ್ಟ್ ಉಳಿದಿದ್ದರೆ ತಂದದ್ದೂ ಸುಡುತ್ತದೆ. ಕಂಟ್ರೋಲರ್‌ಗಳು ಹೋಗುವುದೇ ಇಲ್ಲ ಎನ್ನುತ್ತಿಲ್ಲ. ನೀರು ಹೊಕ್ಕರೆ, ಬ್ಯಾಟರಿ ತಿರುಗುಮುರುಗು ಜೋಡಿಸಿದರೆ, ಬ್ಯಾಟರಿ ಕಳಚದೆ ಬಕೆಟ್ ವೆಲ್ಡಿಂಗ್ ಮಾಡಿದರೆ ಹೋಗುತ್ತವೆ. ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿ ಮತ್ತು ಕಂಟ್ರೋಲರ್‌ನ ಸಾಕೆಟ್‌ಗಳನ್ನು ಕಳಚಿ, ಅರ್ತ್ ಕ್ಲಿಪ್ಪನ್ನು ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಹಾಕಿಸಿ.

ಇನ್ನು ನೇರ ವೈರ್‌ನ ಪ್ರಶ್ನೆ. ಪಂಪ್ ನಿಯಂತ್ರಿಸುವ ಪ್ರೊಪೋರ್ಷನಲ್ (ಕರೆಂಟ್‌ನ ಪ್ರಮಾಣಕ್ಕೆ ತಕ್ಕಷ್ಟೇ ಸರಿಯುವ) ಸೊಲೆನಾಯ್ಡ್‌ಗೆ ಬೇಡವೇ ಬೇಡ. ಅದರ ಕಾಯಿಲ್ ಹತ್ತು ಹನ್ನೆರಡು ಓಮ್ ಇದ್ದರೆ ನೇರ 24 ವೋಲ್ಟ್‌ಗೆ ಎರಡು ಆಂಪಿಯರ್ ಹರಿಯುತ್ತದೆ. ಕಂಟ್ರೋಲರ್ ಅದಕ್ಕೆ ಸಾಮಾನ್ಯವಾಗಿ ಒಂದು ಆಂಪಿಯರ್‌ಗಿಂತ ಕಡಿಮೆ ಕೊಡುತ್ತಿರುತ್ತದೆ. ಕಾಯಿಲ್ ಸುಡುತ್ತದೆ. ಲಾಕ್ ಸೊಲೆನಾಯ್ಡ್ ನೇರ 24 ವೋಲ್ಟ್ ತಡೆದುಕೊಳ್ಳುತ್ತದೆ ನಿಜ, ಎಳೆದ ತಕ್ಷಣ ಯಂತ್ರವೂ ಚುರುಕಾಗಬಹುದು. ಅದೇ ನನಗೆ ಭಯ. ಹಾಗೆ ವೈರ್ ಎಳೆದ ಯಂತ್ರದಲ್ಲಿ ಲಾಕ್ ಲಿವರ್ ಎತ್ತಿದರೂ ಲಾಕ್ ಆಗುವುದಿಲ್ಲ. ಇಳಿಯುವಾಗ ಆಪರೇಟರ್‌ನ ರೇನ್‌ಕೋಟ್ ಲಿವರ್‌ಗೆ ಸಿಕ್ಕಿಕೊಂಡರೆ ಬೂಮ್ ತಿರುಗುತ್ತದೆ. ತೋಟದ ಇಳಿಜಾರಿನಲ್ಲಿ ಚೈನಿನ ಪಕ್ಕದಲ್ಲೇ ಕೆಲಸದವರು ನಿಂತಿರುತ್ತಾರೆ. ಪರೀಕ್ಷೆಗೆಂದು ಐದು ನಿಮಿಷ, ಸುತ್ತ ಯಾರೂ ಇಲ್ಲದಾಗ, ಫ್ಯೂಸ್ ಇರುವ ವೈರ್‌ನಿಂದ ಕೊಟ್ಟು ನೋಡಿ ತೆಗೆದುಬಿಡಬಹುದು. ಅದನ್ನು ಹಾಗೆಯೇ ಬಿಟ್ಟು ದುಡಿಸಲು ನಾನು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ, ನಿಮಗೂ ಕೊಡುವುದಿಲ್ಲ. ಕಂತಿನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಇದಕ್ಕೆ ಬೇಡ ಎನ್ನುತ್ತೇನೆ.

ದೋಷ ವೈರ್‌ನಲ್ಲಿ ಸಿಕ್ಕರೆ ಹಸಿರು ಬಣ್ಣ ಮುಗಿದು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ವೈರನ್ನು ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ. ತಿರುಚಿ ಟೇಪ್ ಸುತ್ತಿದ್ದು ಮುಂದಿನ ಜುಲೈವರೆಗೂ ಬಾಳುವುದಿಲ್ಲ. ಬರೀ ಬೆಸುಗೆ ಹಾಕಿದ್ದು ಯಂತ್ರದ ಅದುರಾಟಕ್ಕೆ ಬೆಸುಗೆಯ ಅಂಚಿನಲ್ಲಿ ಮುರಿಯುತ್ತದೆ. ಒಂದೇ ಕಟ್ಟಿನಲ್ಲಿ ನಾಲ್ಕೈದು ವೈರ್ ಹೀಗೆ ಕೊಳೆತಿದ್ದರೆ ತೇಪೆ ಹಾಕುತ್ತ ಹೋಗುವುದಕ್ಕಿಂತ ಆ ಭಾಗದ ಕಟ್ಟನ್ನೇ ಹೊಸದಾಗಿ ಕಟ್ಟಿಸುವುದು ಒಳ್ಳೆಯದು. ಖರ್ಚು ಹೆಚ್ಚು, ಎರಡು ಮೂರು ದಿನ ಯಂತ್ರ ನಿಲ್ಲುತ್ತದೆ. ಸರ್ವಿಸ್ ಮಾಡಿಸುವಾಗ ಜೋರು ನೀರಿನ ಗನ್ನನ್ನು ಸಾಕೆಟ್‌ಗಳ ಕಡೆ ಹಿಡಿಯಲು ಬಿಡಬೇಡಿ.

ನಾಳೆ ಬೆಳಿಗ್ಗೆ ಯಂತ್ರ ತಣ್ಣಗಿರುವಾಗ ಒಮ್ಮೆ, ಅದು ಸೋತ ಹೊತ್ತಿನಲ್ಲಿ ಇನ್ನೊಮ್ಮೆ, ಪಾಸಿಟಿವ್ ಕಡೆ ಕಳೆದುಹೋದ ವೋಲ್ಟ್, ನೆಗೆಟಿವ್ ಕಡೆಯದು ಮತ್ತು ಪೈಲಟ್ ಪ್ರೆಷರ್ ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆರು ಅಂಕಿಗಳಾಗುತ್ತವೆ. ಅವುಗಳನ್ನು ನನಗೆ ಕಳುಹಿಸಿ. ಪಂಪ್ ಬಿಚ್ಚಬೇಕೋ, ಸ್ವಿಚ್ ಬದಲಿಸಿದರೆ ಸಾಕೋ ಎಂಬುದನ್ನು ಆಗ ಹೇಳುತ್ತೇನೆ.